‘ಒಂದು ಬಗೆಯ ಮರ’: ಅರ್ಥಕೋಶಗಳ ಆಲಸ್ಯವೂ ಶಾಸ್ತ್ರಾಭಿಮಾನಿಗಳ ಅವಸರವೂ

ಬೆಂಗಳೂರಿನ ದಂಡುಪ್ರದೇಶಕ್ಕೆ ಹೊಂದಿಕೊಂಡಿರುವ ಹಲಸೂರು ಒಂದು ಮರದಿಂದ ಹೆಸರು ಪಡೆದ ಊರು. ಹಲಸಿನ ತೋಪುಗಳಿದ್ದ ಊರು ಹಲಸೂರಾಯಿತು ಎಂಬುದು ರೂಢಿಯಲ್ಲಿರುವ ನಿರುಕ್ತಿ. 1809ರಲ್ಲಿ ಶ್ರೀರಂಗಪಟ್ಟಣದಿಂದ ಬ್ರಿಟಿಷರ ದಂಡು ಬಂದು ಇಲ್ಲಿ ನೆಲೆಸಿದ ಮೇಲೆ ಅದು ‘ಅಲ್ಸೂರ್’ ಆಯಿತು; ಹಕಾರದೊಡನೆ ಹಲಸೂ ಹೋಯಿತು. ಈಗ ಮೆಟ್ರೊ ನಿಲ್ದಾಣದ ಫಲಕದಲ್ಲಿ ‘ಹಲಸೂರು’ ಎಂದೇ ಬರೆದಿದೆ. ಒಂದು ಅಕ್ಷರ ಮರಳಿ ಬಂದುದರಿಂದ ಊರಿನ ಹೆಸರಿಗೆ ಅರ್ಥ ಮರಳಿ ಬಂತು.

ಇದೇ ಭಾಗದ ಯಾವುದೇ ಕಾಲೇಜಿನಲ್ಲಿ ಕನ್ನಡ ಸ್ನಾತಕೋತ್ತರ ಪದವಿಗೆ ಓದುವ ವಿದ್ಯಾರ್ಥಿಯ ಕೈಯಲ್ಲಿರುವ ಹಳಗನ್ನಡ ಪಠ್ಯವನ್ನು ತೆರೆದು ನೋಡಿದರೆ ಇದಕ್ಕೆ ವಿರುದ್ಧವಾದ ಕೆಲಸ ನಡೆದಿರುವುದು ಕಾಣುತ್ತದೆ. ಉದ್ಯಾನವರ್ಣನೆಯೊಂದು ಬಂತೆಂದರೆ ಅಡಿಟಿಪ್ಪಣಿಗಳ ಸಾಲು ಹೀಗಿರುತ್ತದೆ: ಕುರವಕ, ಒಂದು ಬಗೆಯ ಗಿಡ, ತಿಲಕ, ಒಂದು ಬಗೆಯ ಮರ, ವಂಜುಳ, ಒಂದು ಜಾತಿಯ ಮರ, ಸಿಂದುವಾರ, ಒಂದು ಬಗೆಯ ಹೂ. ಅರ್ಥ ಹೇಳಿದಂತೆ ತೋರುವ, ಏನನ್ನೂ ಹೇಳದ ವಾಕ್ಯಗಳು ಇವು. ಮರದ ಹೆಸರು ಮರದ ಹೆಸರೆಂಬುದು ಸಂದರ್ಭದಿಂದಲೇ ವಿದ್ಯಾರ್ಥಿಗೆ ತಿಳಿದಿತ್ತು. ಅವನು ಕೇಳಿದ್ದು ಯಾವ ಮರ ಎಂದು. ರಾಜನ ಹೆಸರಿಗೆ ‘ಒಬ್ಬ ರಾಜ’ ಎಂದೂ ಊರಿನ ಹೆಸರಿಗೆ ‘ಒಂದು ಊರು’ ಎಂದೂ ಟಿಪ್ಪಣಿ ಬರೆಯುವ ಸಂಪಾದಕನನ್ನು ವಿದ್ವತ್ಸಭೆ ಕ್ಷಮಿಸುವುದಿಲ್ಲ. ಗಿಡಮರಗಳ ವಿಷಯಕ್ಕೆ ಬಂದಾಗ ಮಾತ್ರ ಈ ಔದಾರ್ಯ ಏಕೆ?

ಸಾಹಿತ್ಯಕ್ಕೆ ಸಸ್ಯಶಾಸ್ತ್ರ ಬೇಕಿಲ್ಲ, ರಸಾಸ್ವಾದಕ್ಕೆ ಲ್ಯಾಟಿನ್ ಹೆಸರು ಅಡ್ಡಿ ಎಂಬುದು ಸಾಮಾನ್ಯವಾಗಿ ಕೇಳಿಬರುವ ಸಮಾಧಾನ. ಕವಿ ಪಟ್ಟಿ ಒಪ್ಪಿಸುತ್ತಿದ್ದಾನೆ, ಹೆಸರುಗಳ ನಾದ ಸಾಕು ಎಂಬುದು ಇನ್ನೊಂದು. ಈ ಎರಡೂ ಆಲಸ್ಯಕ್ಕೆ ತೊಡಿಸಿದ ಪಾಂಡಿತ್ಯದ ಅಂಗಿಗಳು. ಅದನ್ನು ತೋರಿಸಲು ಒಂದೇ ಮರ ಸಾಕು.

ಅಶೋಕವನ್ನೇ ತೆಗೆದುಕೊಳ್ಳಬಹುದು. ಜಿನನ ಅಷ್ಟಮಹಾಪ್ರಾತಿಹಾರ್ಯಗಳಲ್ಲಿ ಅಶೋಕವೃಕ್ಷವೂ ಒಂದು. ಸಮವಸರಣದ ವರ್ಣನೆಯಿರುವ ಯಾವ ಜೈನಪುರಾಣವನ್ನು ತೆರೆದರೂ ಈ ಮರ ಎದುರಾಗುತ್ತದೆ. ಇಂದಿರಾನಗರದ ಬಡಾವಣೆಗಳಲ್ಲಿ ಬೆಳೆದ ವಿದ್ಯಾರ್ಥಿಗೆ ಅಶೋಕವೆಂದರೆ ಯಾವುದು? ಮನೆಯ ಕಾಂಪೌಂಡಿನ ಉದ್ದಕ್ಕೂ ಕಾವಲುಗಾರರಂತೆ ನಿಂತ, ಕಂಬದಂತೆ ನೆಟ್ಟಗೆ ಏರಿದ, ಅಂಚು ಅಲೆಯಾದ ನೀಳ ಎಲೆಗಳು ಜೋತುಬಿದ್ದಿರುವ ಮರ. ಸಸಿ ಮಾರುವವರು ಅದನ್ನು ಅಶೋಕವೆಂದೇ ಮಾರುತ್ತಾರೆ, ಕೊಳ್ಳುವವರು ಅಶೋಕವೆಂದೇ ನೆಡುತ್ತಾರೆ. ಅದರ ಹೂ ಎಲೆಯ ಬಣ್ಣದ್ದೇ. ಹತ್ತಿರ ಹೋಗಿ ಹುಡುಕಿದರೆ ಮಾತ್ರ ಕಂಡೀತು. ಕಾವ್ಯದ ಅಶೋಕವಾದರೋ ಕಿತ್ತಳೆಯಿಂದ ಕೆಂಪಿಗೆ ತಿರುಗುವ ಹೂಗೊಂಚಲುಗಳಿಂದ ಉರಿಯುವ ಮರ, ಎಳೆಯ ಚಿಗುರೂ ತಾಮ್ರದ ಬಣ್ಣದ್ದು. ಕಂಬದ ಮರವನ್ನು ಮನಸ್ಸಿನಲ್ಲಿಟ್ಟುಕೊಂಡು ಓದಿದವನಿಗೆ ಕವಿ ಕೆಂಪಿನ ಮಾತು ಏಕೆ ಆಡುತ್ತಿದ್ದಾನೆ ಎಂಬುದು ತಿಳಿಯದು. ಅದು ಕವಿಸಮಯವಿರಬೇಕೆಂದು ಅವನು ಬಗೆಯುತ್ತಾನೆ. ಮೇಷ್ಟ್ರೂ ಹಾಗೆಯೇ ಹೇಳಿಬಿಡುತ್ತಾರೆ. ಕಣ್ಣಾರೆ ಕಂಡದ್ದನ್ನು ಬರೆದ ಕವಿ ಹೀಗೆ ಸುಳ್ಳುಗಾರನಾಗುತ್ತಾನೆ.

ಸಸ್ಯಶಾಸ್ತ್ರದ ಹೆಸರುಗಳು ಈ ಗೊಂದಲವನ್ನು ಎರಡು ಪದಗಳಲ್ಲಿ ಬಿಡಿಸುತ್ತವೆ. ಕಾವ್ಯದ ಅಶೋಕ ಸರಾಕ ಅಸೋಕ. ಹುಣಸೆ, ಹೊಂಗೆಗಳು ಸೇರುವ ದ್ವಿದಳಧಾನ್ಯದ ಕುಟುಂಬಕ್ಕೆ ಸೇರಿದ್ದು. ಕಾಂಪೌಂಡಿನ ಮರ ಇತ್ತೀಚಿನವರೆಗೆ ಪಾಲಿಯಾಲ್ತಿಯ ಲಾಂಗಿಫೋಲಿಯ, ಈಗ ಮೊನೂನ್ ಲಾಂಗಿಫೋಲಿಯಂ. ಅದು ಸೀತಾಫಲದ ಕುಟುಂಬದ್ದು. ಎರಡಕ್ಕೂ ನಡುವೆ ದೂರದ ನಂಟೂ ಇಲ್ಲ. ಇದು ಕಾವ್ಯದ ಮಾತಷ್ಟೇ ಆಗಿ ಉಳಿದಿಲ್ಲ. ಔಷಧಕ್ಕೆ ಬೇಕಾದ ಅಶೋಕದ ತೊಗಟೆಯಲ್ಲಿ ಕಂಬದ ಮರದ ತೊಗಟೆ ಕಲಬೆರಕೆಯಾಗುವುದನ್ನು ಔಷಧಸಸ್ಯಗಳ ಅಧ್ಯಯನಕಾರರು ಗುರುತಿಸಿದ್ದಾರೆ. ನಿಜವಾದ ಅಶೋಕ ಅಪಾಯದ ಅಂಚಿನಲ್ಲಿರುವ ಮರಗಳ ಅಂತಾರಾಷ್ಟ್ರೀಯ ಪಟ್ಟಿಯಲ್ಲಿದೆ. ಹೆಸರು ಒಂದೇ ಆಗಿರುವುದರಿಂದ ಅದು ಕಡಿಮೆಯಾಗುತ್ತಿರುವುದು ನಗರದ ಕಣ್ಣಿಗೆ ಬೀಳುವುದೂ ಇಲ್ಲ. ಬೀದಿಬೀದಿಯಲ್ಲೂ ‘ಅಶೋಕ’ ಇದೆಯಲ್ಲ!

ಈ ಹೆಸರಿಗೆ ಸಾಹಿತ್ಯದ ವಿದ್ಯಾರ್ಥಿಗಳು ತಿಳಿಯಬೇಕಾದ ಇನ್ನೊಂದು ಕಥೆಯಿದೆ. ಕಲ್ಕತ್ತೆಯ ಉದ್ಯಾನದ ಮುಖ್ಯಸ್ಥನಾಗಿದ್ದ ವಿಲಿಯಂ ರಾಕ್ಸ್‌ಬರೊ ಈ ಮರಕ್ಕೆ ಶಾಕುಂತಲದ ಅನುವಾದಕ ವಿಲಿಯಂ ಜೋನ್ಸನ ಗೌರವಾರ್ಥ ‘ಜೋನೇಸಿಯ ಅಸೋಕ’ ಎಂದು ಹೆಸರಿಟ್ಟ. ಆದರೆ ಲಿನೇಯಸ್ 1767ರಲ್ಲಿಯೇ ಇದೇ ಕುಲಕ್ಕೆ ‘ಸರಾಕ’ ಎಂಬ ಹೆಸರು ಕೊಟ್ಟಿದ್ದ. ಮೊದಲು ಸರಿಯಾಗಿ ಪ್ರಕಟವಾದ ಹೆಸರಿಗೆ ಆದ್ಯತೆ ಎಂಬುದು ನಾಮಕರಣದ ನಿಯಮ. ಆದ್ದರಿಂದ ಜೋನೇಸಿಯ ಬಿದ್ದುಹೋಯಿತು, ಅಸೋಕ ಉಳಿಯಿತು. ಸಂಸ್ಕೃತವನ್ನು ಯುರೋಪಿಗೆ ಪರಿಚಯಿಸಿದ ಪಂಡಿತನ ಹೆಸರು ಮರದಿಂದ ಉದುರಿತು, ಮರದ ಸಂಸ್ಕೃತ ಹೆಸರು ಉದುರಲಿಲ್ಲ. ಲ್ಯಾಟಿನ್ ಹೆಸರೆಂದರೆ ಪರಕೀಯರ ಹೇರಿಕೆ ಎಂದು ಮೂಗು ಮುರಿಯುವವರು ಇದನ್ನೊಮ್ಮೆ ಯೋಚಿಸಬೇಕು.

ಕೋಶಕಾರರ ಕಷ್ಟ ನಿಜವಾದದ್ದೇ. ಅಮರಕೋಶದ ವನೌಷಧಿವರ್ಗದಲ್ಲಿ ‘ವಂಜುಳ’ ಎಂಬ ಶಬ್ದ ಅಶೋಕಕ್ಕೂ ಬರುತ್ತದೆ, ವೇತಸಕ್ಕೂ ಬರುತ್ತದೆ, ರಥ ಮಾಡುವ ಮರವಾದ ತಿನಿಶಕ್ಕೂ ಬರುತ್ತದೆ. ಕನ್ನಡ ಕವಿ ಈ ಮೂರರಲ್ಲಿ ಯಾವುದನ್ನು ಉದ್ದೇಶಿಸಿದ? ನದಿಯ ದಡದಲ್ಲಿ ಬಂದ ವಂಜುಳ ವೇತಸವಾಗಿರಬಹುದು. ಅರಮನೆಯ ಉದ್ಯಾನದಲ್ಲಿ ಕೆಂದಳಿರಿನೊಡನೆ ಬಂದದ್ದು ಅಶೋಕವಾಗಿರಬೇಕು. ಇದನ್ನು ನಿರ್ಣಯಿಸುವುದೇ ಸಂಪಾದಕನ ಕೆಲಸ. ‘ಒಂದು ಜಾತಿಯ ಮರ’ ಎಂಬುದು ಆ ಕೆಲಸಕ್ಕೆ ರಜೆ. ಬಾಸೆಲ್ ಮಿಷನ್ನಿನ ಕಿಟೆಲ್ 1894ರ ತನ್ನ ನಿಘಂಟಿನಲ್ಲಿ ಕನ್ನಡದ ಬಹಳಷ್ಟು ಗಿಡಮರಗಳ ಹೆಸರಿಗೆ ಎದುರಾಗಿ ಆಗ ಚಲಾವಣೆಯಲ್ಲಿದ್ದ ಲ್ಯಾಟಿನ್ ಹೆಸರನ್ನು ದಾಖಲಿಸಿದ. ಒಬ್ಬ ಪಾದ್ರಿ ಮಾಡಿಟ್ಟ ಕೆಲಸವನ್ನು ಬಳಸಿಕೊಳ್ಳುವ ಶ್ರಮವನ್ನೂ ನೂರಮೂವತ್ತು ವರ್ಷಗಳ ಬಳಿಕದ ಪಠ್ಯಸಂಪಾದಕ ತೆಗೆದುಕೊಳ್ಳುವುದಿಲ್ಲ.

ಇಲ್ಲಿಯವರೆಗಿನ ಮಾತನ್ನು ಕೇಳಿದ ಜೀವಶಾಸ್ತ್ರದ ಅಧ್ಯಾಪಕರು ತಲೆದೂಗಬಹುದು. ಆದರೆ ದೇಶಭಾಷೆಯ ಹೆಸರುಗಳೆಲ್ಲ ಗೊಂದಲ, ಅವುಗಳನ್ನು ಕೈಬಿಟ್ಟರಾಯಿತು ಎಂದು ಅವರು ಮುಂದುವರಿಸಿದರೆ ಅದನ್ನೂ ಒಪ್ಪಲಾಗದು. ಶಿವಾಜಿನಗರದ ರಸೆಲ್ ಮಾರುಕಟ್ಟೆ ಇದಕ್ಕೆ ತಕ್ಕ ಪಾಠಶಾಲೆ. 1927ರಲ್ಲಿ ದಂಡಿನ ಪೌರಾಡಳಿತ ಕಟ್ಟಿಸಿದ ಈ ಮಾರುಕಟ್ಟೆಯಲ್ಲಿ ಕನ್ನಡ, ತಮಿಳು, ಉರ್ದು, ತೆಲುಗುಗಳು ಒಂದೇ ತಕ್ಕಡಿಯಲ್ಲಿ ತೂಗುತ್ತವೆ. ಅಲ್ಲಿ ತಿಳಿಹಸಿರಿನ, ಸುಕ್ಕು ಗೆರೆಗಳ ಒಂದು ತರಕಾರಿ ಇರುತ್ತದೆ. ಕನ್ನಡಿಗರಿಗೆ ಅದು ಸೀಮೆಬದನೆ, ತಮಿಳರಿಗೆ ‘ಬೆಂಗಳೂರು ಕತ್ತರಿಕಾಯಿ’, ತೆಲುಗರಿಗೆ ‘ಬೆಂಗಳೂರು ವಂಕಾಯ’. ಮೂರು ಭಾಷೆಗಳೂ ಒಟ್ಟಾಗಿ ತಪ್ಪಿವೆ: ಅದು ಬದನೆಯೇ ಅಲ್ಲ. ಸೆಕಿಯಂ ಎಡ್ಯೂಲೆ ಎಂಬ ಆ ಬಳ್ಳಿ ಕುಂಬಳ, ಸೋರೆ, ಹೀರೆಗಳ ಕುಟುಂಬದ್ದು. ಮೂಲ ಮೆಕ್ಸಿಕೋ ಸುತ್ತಿನ ನಾಡು. ಬದನೆಯೋ ಸೊಲಾನಂ ಮೆಲಾಂಜೀನ.

ಆದರೆ ಆ ತಪ್ಪಿನೊಳಗೆ ಎಷ್ಟು ನಿಜಗಳಿವೆ ನೋಡಬೇಕು. ‘ಸೀಮೆ’ ಎಂಬ ವಿಶೇಷಣ ಪದಾರ್ಥ ಹೊರನಾಡಿನದೆಂದು ಸಾರುತ್ತದೆ. ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಹುಣಸೆಗಳಂತೆ. ತಮಿಳು ತೆಲುಗುಗಳ ‘ಬೆಂಗಳೂರು’ ಅದು ಯಾವ ಊರಿನ ದಾರಿಯಾಗಿ ತಮಗೆ ಬಂತೆಂಬುದನ್ನು ಹೇಳುತ್ತದೆ. ಲ್ಯಾಟಿನ್ ಹೆಸರಿನಲ್ಲಿ ಈ ಚರಿತ್ರೆ ಇಲ್ಲ. ‘ಎಡ್ಯೂಲೆ’ ಎಂದರೆ ತಿನ್ನಬಹುದಾದದ್ದು ಎಂದಷ್ಟೇ. ಲ್ಯಾಟಿನ್ ಹೆಸರು ಚರಿತ್ರೆಯಲ್ಲಿ ಎಡವುವುದೂ ಉಂಟು. ಹುಣಸೆಗೆ ‘ಟ್ಯಾಮರಿಂಡಸ್ ಇಂಡಿಕ’ ಎಂದು ಹೆಸರು. ಅರಬರ ‘ತಮರ್ ಹಿಂದಿ’ಯಿಂದ ಬಂದದ್ದು. ಎರಡು ಪದಗಳೂ ಹಿಂದೂಸ್ಥಾನವನ್ನೇ ಹೇಳುತ್ತವೆ, ಮರದ ಮೂಲ ಮಾತ್ರ ಆಫ್ರಿಕ. ಹಾಗೆಂದು ಹೆಸರನ್ನು ಯಾರೂ ತಿದ್ದುವುದಿಲ್ಲ. ವೈಜ್ಞಾನಿಕ ಹೆಸರು ವರ್ಣನೆಯಲ್ಲ, ಗುರುತಿನ ಚೀಟಿ. ಒಂದು ನಿರ್ದಿಷ್ಟ ಮಾದರಿಗೆ ಕಟ್ಟಿದ ಚೀಟಿಯಾದ್ದರಿಂದ ಅದರ ಅರ್ಥ ಸರಿಯೋ ತಪ್ಪೋ ಎಂಬುದು ನಾಮಕರಣದ ದೃಷ್ಟಿಯಿಂದ ಮುಖ್ಯವಲ್ಲ. ನಮ್ಮ ಹೊಟ್ಟೆಗೆ ಹೊರನಾಡಿನಿಂದ ಬಂದ ಕಾಯಿಪಲ್ಯಗಳ ಚರಿತ್ರೆಯನ್ನು ಕನ್ನಡದಲ್ಲಿ ಸೊಗಸಾಗಿ ಬರೆದ ಬಿ.ಜಿ.ಎಲ್. ಸ್ವಾಮಿಯವರು ಸಸ್ಯಶಾಸ್ತ್ರಜ್ಞರೂ ಹೌದು, ಹೊಸ ಪ್ರಭೇದಕ್ಕೆ ಹೆಸರಿಟ್ಟವರೂ ಹೌದು. ಅವರ ‘ಹಸುರು ಹೊನ್ನು’ವಿಗೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಎರಡು ಬಗೆಯ ಹೆಸರುಗಳನ್ನೂ ಒಂದೇ ವಾಕ್ಯದಲ್ಲಿ ಇಟ್ಟು ನಡೆಸಬಹುದೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಅದೇ ಮಾರುಕಟ್ಟೆಯ ಮೀನಿನ ಭಾಗದಲ್ಲಿ ಕರಾವಳಿಯವರು ಬಂಗುಡೆ ಎನ್ನುವ ಮೀನಿಗೆ ಮಲಯಾಳಿಗಳು ಅಯಲ ಎನ್ನುತ್ತಾರೆ. ಜೈನಶಾಸ್ತ್ರದ ಓದುಗರಿಗೆ ಮೀನಿನ ಮಾತೇಕೆ ಎಂದು ಯಾರಾದರೂ ಕೇಳಿಯಾರು. ತಿನ್ನದೆ ಬಿಡುವುದಕ್ಕೂ ಹೆಸರು ತಿಳಿದಿರಬೇಕು. ಅದರ ವೈಜ್ಞಾನಿಕ ಹೆಸರು ರಾಸ್ಟ್ರೆಲ್ಲಿಜರ್ ಕನಗುರ್ತ. ಈ ‘ಕನಗುರ್ತ’ ಲ್ಯಾಟಿನ್ ಅಲ್ಲ, ತೆಲುಗು. ವಿಶಾಖಪಟ್ಟಣದ ಮೀನುಗಾರರಿಂದ ಕೇಳಿ ಪ್ಯಾಟ್ರಿಕ್ ರಸೆಲ್ 1803ರ ತನ್ನ ಪುಸ್ತಕದಲ್ಲಿ ಬರೆದ ಹೆಸರನ್ನು 1816ರಲ್ಲಿ ಕುವಿಯೆ ಎತ್ತಿಕೊಂಡ. ಮಾರುಕಟ್ಟೆಗೆ ಹೆಸರು ಕೊಟ್ಟ ರಸೆಲ್ ಬೇರೆ, ದಂಡಿನ ಪೌರಾಡಳಿತಾಧಿಕಾರಿ. ಮೀನು ಬರೆದವನೂ ಮೀನು ಮಾರಿಸಿದವನೂ ಒಂದೇ ಹೆಸರಿನವರಾದುದು ಕಾಕತಾಳೀಯ.

ಕನ್ನಡದ ಜನಪದ ನಾಮಕರಣಕ್ಕೂ ಒಂದು ವ್ಯಾಕರಣವಿದೆ. ಲಿನೇಯಸನ ದ್ವಿನಾಮ ಪದ್ಧತಿಯಲ್ಲಿ ಮೊದಲ ಪದ ಕುಲ, ಎರಡನೆಯದು ಪ್ರಭೇದ. ಕನ್ನಡದಲ್ಲಿ ಈ ಕ್ರಮ ತಿರುಗುಮುರುಗಾಗಿದೆ: ವಿಶೇಷಣ ಮೊದಲು, ಕುಲ ಆಮೇಲೆ. ಕರಿಮತ್ತಿ, ಬಿಳಿಮತ್ತಿ, ಎರಡೂ ಟರ್ಮಿನೇಲಿಯ. ಹಲಸು, ಹೆಬ್ಬಲಸು, ದೀವಿಹಲಸು, ಮೂರೂ ಆರ್ಟೊಕಾರ್ಪಸ್. ಸಹ್ಯಾದ್ರಿಯ ಕಾಡುಮರವನ್ನೂ ದ್ವೀಪಾಂತರದಿಂದ ಬಂದ ಮರವನ್ನೂ ಹಿತ್ತಿಲಿನ ಹಲಸಿನೊಡನೆ ಒಂದೇ ಕುಲಕ್ಕೆ ಸೇರಿಸಿದ ಕನ್ನಡಿಗನ ಕಣ್ಣು ಸಸ್ಯಶಾಸ್ತ್ರಜ್ಞನ ಕಣ್ಣಿಗಿಂತ ಮಂಕಾಗಿರಲಿಲ್ಲ. ಹಾವುಗಳಲ್ಲಿ ಕೊಳಕುಮಂಡಲ, ಗುಳಿಮಂಡಲ ಎಂಬ ಹೆಸರುಗಳನ್ನು ನೋಡಿದರೆ ಸುಶ್ರುತನ ‘ಮಂಡಲಿ’ ಎಂಬ ವರ್ಗ ಇಂದಿಗೂ ಕನ್ನಡದ ಬಾಯಲ್ಲಿ ಕುಲನಾಮವಾಗಿ ಉಳಿದಿರುವುದು ತಿಳಿಯುತ್ತದೆ. ಹದಿನಾಲ್ಕನೆಯ ಶತಮಾನದ ಮಂಗರಾಜ ‘ಖಗೇಂದ್ರಮಣಿದರ್ಪಣ’ದಲ್ಲಿ ವಿಷಗಳನ್ನು ಸ್ಥಾವರ ಜಂಗಮಗಳೆಂದು ವಿಂಗಡಿಸಿ ಹೇಳಿದ್ದು ಇದೇ ಪರಂಪರೆಯಲ್ಲಿ. ತಪ್ಪುಗಳೂ ಇವೆ. ಕಹಿಬೇವು, ಹೆಬ್ಬೇವು, ಕರಿಬೇವು ಎಂಬಲ್ಲಿ ಮೊದಲೆರಡು ಒಂದೇ ಕುಟುಂಬದವು, ಕರಿಬೇವು ಮಾತ್ರ ನಿಂಬೆಯ ಬಂಧು. ಎಲೆಯ ಜೋಡಣೆಯನ್ನು ನೋಡಿ ಹೆಸರಿಟ್ಟವರು ಹೂವನ್ನು ನೋಡಲಿಲ್ಲ. ಇಂಥ ತಪ್ಪನ್ನು ತೋರಿಸಲು ವಿಜ್ಞಾನ ಬೇಕು; ಅದರ ಹಿಂದಿನ ತರ್ಕವನ್ನು ಕಾಣಲು ಭಾಷಾವಿಜ್ಞಾನ ಬೇಕು.

ಈಗ ಇನ್ನೊಂದು ದಿಕ್ಕಿನ ತಪ್ಪಿಗೆ ಬರಬಹುದು. ಇದು ಮೊದಲಿನದಕ್ಕಿಂತ ಸೂಕ್ಷ್ಮವಾದದ್ದು, ಏಕೆಂದರೆ ಇದನ್ನು ಮಾಡುವವರು ಆಲಸಿಗಳಲ್ಲ, ಅಭಿಮಾನಿಗಳು. ಜೀವವರ್ಗೀಕರಣವನ್ನು ಲಿನೇಯಸನಿಗಿಂತ ಸಾವಿರ ವರ್ಷಗಳ ಮೊದಲೇ ಜೈನಾಚಾರ್ಯರು ಪೂರ್ಣಗೊಳಿಸಿದ್ದರು, ತತ್ತ್ವಾರ್ಥಸೂತ್ರದ ಎರಡನೆಯ ಅಧ್ಯಾಯವೇ ಮೊದಲ ಜೀವಶಾಸ್ತ್ರ ಗ್ರಂಥ ಎಂದು ಸಭೆಗಳಲ್ಲಿ ಸಾರುವ ಮಾತು ಈಗ ಸಂಶೋಧನ ಪ್ರಬಂಧಗಳಿಗೂ ನುಸುಳಿದೆ. ಈ ಹೊಗಳಿಕೆಯಿಂದ ಶಾಸ್ತ್ರಕ್ಕೆ ಲಾಭವಿಲ್ಲ, ನಷ್ಟವಿದೆ.

ಶಾಸ್ತ್ರ ಹೇಳುವುದೇನು? ಸಂಸಾರಿ ಜೀವಗಳು ಸ್ಥಾವರ, ತ್ರಸ ಎಂದು ಎರಡು. ಸ್ಪರ್ಶವೊಂದೇ ಉಳ್ಳವು ಏಕೇಂದ್ರಿಯಗಳು. ಸಸ್ಯಗಳು ಇಲ್ಲಿ ಬರುತ್ತವೆ. ಮುಂದೆ ಕೃಮಿ, ಇರುವೆ, ದುಂಬಿ, ಮನುಷ್ಯ ಎಂಬ ಮಾದರಿಗಳ ಮೂಲಕ ರಸನ, ಘ್ರಾಣ, ಚಕ್ಷು, ಶ್ರೋತ್ರಗಳು ಒಂದೊಂದಾಗಿ ಸೇರುತ್ತ ಪಂಚೇಂದ್ರಿಯದವರೆಗೆ ಏರುತ್ತದೆ. ಹತ್ತನೆಯ ಶತಮಾನದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಯ ಗೊಮ್ಮಟಸಾರದ ಜೀವಕಾಂಡ ಇದನ್ನು ವಿಸ್ತರಿಸಿತು. ಅದಕ್ಕೆ 1359ರಲ್ಲಿ ಕೇಶವಣ್ಣ ಕನ್ನಡದಲ್ಲಿ ವೃತ್ತಿಯನ್ನು ಬರೆದುದು ಕನ್ನಡ ಶಾಸ್ತ್ರಗದ್ಯದ ಒಂದು ದೊಡ್ಡ ಘಟನೆ. ಇದು ನಿಸ್ಸಂದೇಹವಾಗಿ ವರ್ಗೀಕರಣ: ಲಕ್ಷಣವನ್ನು ಹಿಡಿದು ವಿಂಗಡಿಸಿದ, ಶ್ರೇಣೀಕೃತವಾದ, ಒಳಗೆ ವಿರೋಧವಿಲ್ಲದ ವರ್ಗೀಕರಣ. ಆದರೆ ಅದು ಕೇಳಿದ ಪ್ರಶ್ನೆ ಬೇರೆ. ಯಾವ ಜೀವಿ ಎಷ್ಟು ದ್ವಾರಗಳಿಂದ ನೋವನ್ನು ಉಣ್ಣುತ್ತದೆ, ಅದರ ಹಿಂಸೆಯಿಂದ ಎಷ್ಟು ದೂರ ನಿಲ್ಲಬೇಕು ಎಂಬುದು ಅದರ ಪ್ರಶ್ನೆ. ಯಾವ ಜೀವಿ ಯಾವುದಕ್ಕೆ ರಕ್ತಸಂಬಂಧಿ ಎಂಬುದು ಆಧುನಿಕ ಜೀವಶಾಸ್ತ್ರದ ಪ್ರಶ್ನೆ. ಇರುವೆಗೆ ಮೂರೇ ಇಂದ್ರಿಯ ಎಂದು ಶಾಸ್ತ್ರ. ಬಹುಪಾಲು ಇರುವೆಗಳಿಗೆ ಕಣ್ಣಿರುವುದು ಸೂಕ್ಷ್ಮದರ್ಶಕದಲ್ಲಿ ಕಾಣುತ್ತದೆ. ಶಾಸ್ತ್ರವನ್ನು ಜೀವಶಾಸ್ತ್ರವೆಂದು ಮಾರಹೊರಟವರು ಈ ಕಣ್ಣಿಗೆ ಉತ್ತರ ಕೊಡಬೇಕಾಗುತ್ತದೆ. ಶಾಸ್ತ್ರವನ್ನು ಶಾಸ್ತ್ರವಾಗಿ ಓದಿದವರಿಗೆ ಆ ಸಂಕಟವಿಲ್ಲ.

ತರಕಾರಿ ಬುಟ್ಟಿಯಿಂದಲೇ ಇದನ್ನು ವಿವರಿಸಬಹುದು. ಬದನೆ, ಆಲೂಗಡ್ಡೆಗಳೆರಡೂ ಸೊಲಾನಂ ಎಂಬ ಒಂದೇ ಕುಲದವು. ಕಟ್ಟುನಿಟ್ಟಿನ ಜೈನ ಅಡುಗೆಮನೆಯಲ್ಲಿ ಎರಡಕ್ಕೂ ಪ್ರವೇಶವಿಲ್ಲ, ಆದರೆ ಬೇರೆಬೇರೆ ಕಾರಣಕ್ಕೆ: ಬದನೆ ಬಹುಬೀಜವೆಂದು, ಆಲೂಗಡ್ಡೆ ನೆಲದೊಳಗಿನ ಗೆಡ್ಡೆಯಾಗಿ ಅನಂತಕಾಯವೆಂದು. ಆಲೂಗಡ್ಡೆ ದಕ್ಷಿಣ ಅಮೆರಿಕದಿಂದ ಬಂದದ್ದು, ಪ್ರಾಚೀನ ಆಚಾರ್ಯರು ಅದನ್ನು ಕಂಡಿರಲಿಲ್ಲ. ಆದರೂ ಅದು ಬಂದಾಗ ಅದಕ್ಕೆ ಶಾಸ್ತ್ರದಲ್ಲಿ ಸ್ಥಾನ ಸಿದ್ಧವಾಗಿತ್ತು. ಹೊಸದಾಗಿ ಬಂದ ಜೀವಿಗೆ ಜಾಗ ತೋರಿಸಬಲ್ಲ ವರ್ಗೀಕರಣ ಗಟ್ಟಿಯಾದ ವರ್ಗೀಕರಣ. ಹೊಗಳುವುದಾದರೆ ಇದನ್ನು ಹೊಗಳಬೇಕು.

ಒಮ್ಮೊಮ್ಮೆ ಎರಡು ದಾರಿಗಳೂ ಒಂದೇ ಬಾಗಿಲಿಗೆ ಬಂದು ಮುಟ್ಟುವುದುಂಟು. ಅಮೃತಚಂದ್ರನ ಪುರುಷಾರ್ಥಸಿದ್ಧ್ಯುಪಾಯವೇ ಮೊದಲಾದ ಶ್ರಾವಕಾಚಾರ ಗ್ರಂಥಗಳು ಮದ್ಯ, ಮಾಂಸ, ಮಧುಗಳೊಡನೆ ಪಂಚೋದುಂಬರ ಫಲಗಳನ್ನು ವರ್ಜಿಸಲು ಹೇಳುತ್ತವೆ. ಆಲ, ಅರಳಿ, ಅತ್ತಿ, ಬಸರಿ, ಕಾಡತ್ತಿ ಎಂದು ಸಾಮಾನ್ಯವಾಗಿ ಎಣಿಸುವ ಈ ಐದೂ ಫೈಕಸ್ ಎಂಬ ಒಂದೇ ಕುಲಕ್ಕೆ ಸೇರಿದವು. ವರ್ಜನೆಗೆ ಕೊಟ್ಟ ಕಾರಣ, ಹಣ್ಣಿನೊಳಗೆ ತ್ರಸಜೀವಗಳಿವೆ ಎಂಬುದು. ಹಣ್ಣಿನಂತೆ ಕಾಣುವ ಆ ಗುಂಡಿನೊಳಗೆ ಹೂಗಳಿದ್ದು, ಕಣಜದ ಬಳಗದ ಸಣ್ಣ ಕೀಟಗಳು ಒಳಹೊಕ್ಕು ಪರಾಗಸ್ಪರ್ಶ ಮಾಡುವುದು ಈ ಕುಲದ ವಿಶೇಷವೆಂದು ಸಸ್ಯಶಾಸ್ತ್ರ ಹೇಳುತ್ತದೆ. ಹಲಸೂ ಇದೇ ಕುಟುಂಬದ್ದು, ಅದಕ್ಕೂ ಹಾಲಿದೆ, ಅದರದೂ ಅನೇಕ ಹೂಗಳು ಕೂಡಿ ಆದ ಹಣ್ಣು. ಆದರೂ ಕುಲ ಬೇರೆ, ಅದರಲ್ಲಿ ಆ ಕೀಟಗಳ ವಾಸವಿಲ್ಲ. ಹಲಸು ಐದರ ಪಟ್ಟಿಯಲ್ಲಿಯೂ ಇಲ್ಲ. ಇದನ್ನು ಕಂಡ ಕಣ್ಣಿಗೆ ‘ನಾವೇ ಮೊದಲು’ ಎಂಬ ಫಲಕದ ಅಗತ್ಯವಿಲ್ಲ.

ಅಭಿಮಾನಿಗಳು ಮರೆಯುವ ಇನ್ನೊಂದು ಸಂಗತಿಯಿದೆ. ವರ್ಗೀಕರಣ ಬೇರೆ, ನಾಮಕರಣ ಬೇರೆ. ಲಿನೇಯಸನ ಹೆಗ್ಗಳಿಕೆ ಅವನ ವರ್ಗೀಕರಣದಿಂದ ಬಂದದ್ದಲ್ಲ. ಅವನು ಸಸ್ಯಗಳನ್ನು ಹೂವಿನ ಕೇಸರಗಳನ್ನು ಎಣಿಸಿ 24 ವರ್ಗಗಳಾಗಿ ಹಂಚಿದ. ಇಂದ್ರಿಯಗಳನ್ನು ಎಣಿಸುವುದಕ್ಕಿಂತ ಅದು ಹೆಚ್ಚು ಸಹಜವೇನೂ ಆಗಿರಲಿಲ್ಲ. ಅವನ ಬಳಿಕ ಅದು ನಿಲ್ಲಲೂ ಇಲ್ಲ. ನಿಂತದ್ದು 1753ರಲ್ಲಿ ಸಸ್ಯಗಳಿಗೂ 1758ರಲ್ಲಿ ಪ್ರಾಣಿಗಳಿಗೂ ಅವನು ವ್ಯವಸ್ಥಿತವಾಗಿ ಬಳಸಿದ ಎರಡು ಪದಗಳ ಹೆಸರು. ಅಲ್ಲಿಯವರೆಗೆ ಒಂದು ಗಿಡದ ಹೆಸರೆಂದರೆ ಒಂದು ಉದ್ದನೆಯ ಲ್ಯಾಟಿನ್ ವಾಕ್ಯ. ನಮ್ಮಲ್ಲಿ ಸಿದ್ಧಾಂತಗ್ರಂಥಗಳು ವರ್ಗೀಕರಿಸಿದವು, ಪ್ರತಿ ಜೀವಿಗೂ ಹೆಸರಿಡಹೋಗಲಿಲ್ಲ. ನಿಘಂಟುಗಳು ಹೆಸರುಗಳನ್ನು ರಾಶಿ ಹಾಕಿದವು, ಒಂದು ಹೆಸರಿಗೆ ಒಂದೇ ಜೀವಿ ಎಂಬ ಕಟ್ಟು ಹಾಕಲಿಲ್ಲ. ಛಂದಸ್ಸಿಗೆ ಪರ್ಯಾಯಪದಗಳನ್ನು ಒದಗಿಸುವುದು ಕೋಶದ ಉದ್ದೇಶವಾಗಿದ್ದುದರಿಂದ ಆ ಕಟ್ಟು ಅದಕ್ಕೆ ಬೇಕೂ ಇರಲಿಲ್ಲ.

‘ಜಾತಿ’ ಎಂಬ ಶಬ್ದದ ಅವಸ್ಥೆಯನ್ನು ನೋಡಿದರೆ ಸಾಕು, ಪರಿಭಾಷೆಯ ಬಗ್ಗೆ ನಮ್ಮ ಅಲಕ್ಷ್ಯ ಎಷ್ಟೆಂಬುದು ತಿಳಿಯುತ್ತದೆ. ಶಾಲೆಯ ಕನ್ನಡ ವಿಜ್ಞಾನ ಪಠ್ಯಗಳು ವಂಶ, ವರ್ಗ, ಗಣ, ಕುಟುಂಬ, ಜಾತಿ, ಪ್ರಭೇದ ಎಂಬ ಇಳಿಕೆಯ ಕ್ರಮದಲ್ಲಿ ಪ್ರಭೇದಕ್ಕೆ ಮೇಲಿನ ಮೆಟ್ಟಿಲಿಗೆ ‘ಜಾತಿ’ ಎಂದು ಹೆಸರಿಟ್ಟಿವೆ. ಪತ್ರಿಕೆಗಳು ಪ್ರಭೇದಕ್ಕೂ ಜಾತಿಯೆನ್ನುತ್ತವೆ. ಸಸಿ ಮಾರುವವನಿಗೆ ತಳಿಯೂ ಜಾತಿ. ಬೀದಿಯಲ್ಲಿ ಅದರ ಅರ್ಥ ಏನೆಂಬುದನ್ನು ಹೇಳಬೇಕಿಲ್ಲ. ಜೈನಶಾಸ್ತ್ರದಲ್ಲಿ ಜಾತಿ ಎಂಬುದು ನಾಮಕರ್ಮದ ಒಂದು ಭೇದ. ಏಕೇಂದ್ರಿಯಜಾತಿಯಿಂದ ಪಂಚೇಂದ್ರಿಯಜಾತಿಯವರೆಗೆ ಅದು ಐದು ಬಗೆ.

ಇದು ತಿಳಿಯದೆ ಪಂಪನನ್ನು ಓದುವುದು ಹೇಗೆ? ಮನುಷ್ಯರೆಲ್ಲರದೂ ಒಂದೇ ಜಾತಿ ಎಂಬ ಅರ್ಥದ ಆದಿಪುರಾಣದ ಮಾತು ಇಂದು ಎಲ್ಲ ವೇದಿಕೆಗಳ ಮೇಲೂ ಮೊಳಗುತ್ತದೆ. ಮೊಳಗಲಿ, ಒಳ್ಳೆಯದೇ. ಆದರೆ ಅದರ ಹಿಂದೆ ಜಿನಸೇನಾಚಾರ್ಯನ ಸಂಸ್ಕೃತ ಪೂರ್ವಪುರಾಣವಿದೆ. ಜಾತಿನಾಮಕರ್ಮದ ಉದಯದಿಂದ ಉಂಟಾದ ಮನುಷ್ಯಜಾತಿ ಒಂದೇ, ವೃತ್ತಿಯ ಭೇದದಿಂದ ಅದು ನಾಲ್ಕಾಗಿ ತೋರುತ್ತದೆ ಎಂಬುದು ಅಲ್ಲಿನ ವಿಚಾರ. ಇಲ್ಲಿ ‘ಜಾತಿ’ ಭಾವುಕತೆಯ ಶಬ್ದವಲ್ಲ, ವರ್ಗೀಕರಣದ ಪಾರಿಭಾಷಿಕ ಶಬ್ದ. ಜೀವಿಯಾಗಿ ಮನುಷ್ಯ ಒಂದೇ ವರ್ಗ, ಅದರೊಳಗಿನ ಭೇದಗಳು ಕಸುಬಿನಿಂದ ಬಂದವು, ಹುಟ್ಟಿನ ರಚನೆಯಿಂದ ಬಂದವಲ್ಲ ಎಂದು ಆಚಾರ್ಯನೂ ಕವಿಯೂ ಹೇಳುತ್ತಿದ್ದಾರೆ. ವರ್ಗೀಕರಣದ ಮೊದಲ ಪಾಠ ತಿಳಿದವನಿಗೆ ಈ ಮಾತು ಘೋಷಣೆಯಾಗಿ ಅಲ್ಲ, ವಾದವಾಗಿ ಕೇಳಿಸುತ್ತದೆ. ಘೋಷಣೆಗಿಂತ ವಾದವನ್ನು ಅಲ್ಲಗಳೆಯುವುದು ಕಷ್ಟ. ವಿಜ್ಞಾನಪಠ್ಯದಲ್ಲಿ ‘ಜಾತಿ’ಯ ಬದಲು ಕೆಲವರು ಬಳಸುವ ‘ಕುಲ’ವನ್ನೇ ಸ್ಥಿರಗೊಳಿಸಿದರೆ ಕನಿಷ್ಠ ಒಂದು ತೊಡಕಾದರೂ ಬಿಡುತ್ತದೆ. ಈ ಲೇಖನದಲ್ಲಿ ‘ಕುಲ’ ಎಂದೇ ಬರೆದಿರುವುದು ಅದಕ್ಕಾಗಿ.

ಹೆಸರಿನ ತಪ್ಪಿಗೆ ಬೆಲೆ ತೆರುವುದು ಕಾವ್ಯವೊಂದೇ ಅಲ್ಲ. ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆ 1976ರದು. ಅದರಡಿ ಮರ ಕಡಿಯಲು ಅನುಮತಿ ಬೇಕು. ನೀಲಗಿರಿ, ಸಿಲ್ವರ್ ಓಕ್, ಸುಬಾಬುಲ್ ಮೊದಲಾದ ಕೆಲವಕ್ಕೆ ವಿನಾಯಿತಿಯಿದೆ. ಸಿಲ್ವರ್ ಓಕ್ ಓಕ್ ಮರವೇ ಅಲ್ಲ, ಆಸ್ಟ್ರೇಲಿಯದ ಗ್ರೆವಿಲಿಯ ಎಂಬುದು ಬೇರೆ ಮಾತು. ಪಟ್ಟಿಯಲ್ಲಿ ಒಂದು ಮರ ಯಾವ ಹೆಸರಿನಲ್ಲಿ ದಾಖಲಾಗುತ್ತದೆ ಎಂಬುದರ ಮೇಲೆ ಅದು ಉಳಿಯುವುದೋ ಉರುಳುವುದೋ ನಿಂತಿರುವಾಗ ಹೆಸರು ಬರೆಯುವ ಕೈಗೆ ಎರಡು ಮರಗಳ ನಡುವಿನ ವ್ಯತ್ಯಾಸ ಗೊತ್ತಿರಬೇಕು. ಕೆ.ಆರ್.ಪುರದ ಆಸುಪಾಸಿನ ಕೆರೆಗಳನ್ನು ಮುಚ್ಚುವ ನೇರಳೆ ಹೂವಿನ ಜಲಕಳೆಗೆ ಈಗ ಎಲ್ಲರೂ ‘ಅಂತರಗಂಗೆ’ ಎನ್ನುತ್ತಾರೆ. ಅದು ದಕ್ಷಿಣ ಅಮೆರಿಕದಿಂದ ಬಂದ ಸಸ್ಯ. ವೈದ್ಯಗ್ರಂಥಗಳ ಅಂತರಗಂಗೆ ಬೇರೆ: ಎಲೆಕೋಸಿನ ಸಣ್ಣ ಗೆಡ್ಡೆಯಂತೆ ನೀರಿನ ಮೇಲೆ ತೇಲುವ ಪಿಸ್ಟಿಯ. ಹಳೆಯ ಹಸ್ತಪ್ರತಿಯೊಂದರಲ್ಲಿ ‘ಅಂತರಗಂಗೆಯ ರಸ’ ಎಂದಿರುವುದನ್ನು ಓದಿ ಇಂದಿನ ಕೆರೆಗೆ ಇಳಿದವನು ಯಾವುದನ್ನು ಕಿತ್ತು ತಂದಾನು? ವೈದ್ಯಗ್ರಂಥಗಳನ್ನು ಸಂಪಾದಿಸುವವರು ‘ಒಂದು ಬಗೆಯ ಜಲಸಸ್ಯ’ ಎಂದು ಬರೆದು ಕೈತೊಳೆದುಕೊಂಡರೆ ಆ ಗ್ರಂಥ ಓದಲು ಬರುತ್ತದೆ, ಬಳಸಲು ಬರುವುದಿಲ್ಲ.

ಬೇಕಾಗಿರುವುದು ದೊಡ್ಡ ಯೋಜನೆಯೇನಲ್ಲ. ಒಂದು ಸಸ್ಯನಾಮಕ್ಕೆ ನಾಲ್ಕು ಮಾತಿನ ಟಿಪ್ಪಣಿ: ಇಂದಿನ ಕನ್ನಡದ ಹೆಸರು, ಕನ್ನಡ ಲಿಪಿಯಲ್ಲಿಯೇ ವೈಜ್ಞಾನಿಕ ಹೆಸರು, ಕವಿಯ ವರ್ಣನೆಯಲ್ಲಿ ಅದನ್ನು ಗುರುತಿಸಲು ಇರುವ ಆಧಾರ, ಬೇರೆ ಮರವಾಗಿರುವ ಸಾಧ್ಯತೆ ಇದ್ದರೆ ಅದು. ಹೊಸಗಾಲದ ಜೀವವಿಜ್ಞಾನಿಗಳು ತಮ್ಮ ಪಾಲಿನ ಕೆಲಸ ಮಾಡುತ್ತಿದ್ದಾರೆ. ಮೊಟ್ಟೆಗಳಿಗೆ ಮಣ್ಣು ಮೆತ್ತುವ ಸಹ್ಯಾದ್ರಿಯ ಕಪ್ಪೆಯೊಂದಕ್ಕೆ 2014ರಲ್ಲಿ ‘ನಿಕ್ಟಿಬಟ್ರಾಕಸ್ ಕುಂಬಾರ’ ಎಂದು ಹೆಸರಿಟ್ಟರು. 2020ರಲ್ಲಿ ಬೆಂಗಳೂರಿನ ಹೊರವಲಯದ ಬಿಲಗಪ್ಪೆಯೊಂದು ‘ಸ್ಫೇರೊಥೀಕ ಬೆಂಗಳೂರು’ ಎಂದು ಪ್ರಕಟವಾಯಿತು. ಕನ್ನಡ ಪದಗಳು ಜಗತ್ತಿನ ಜೀವಿಗಳ ಪಟ್ಟಿಗೆ ಹೀಗೆ ಸೇರುತ್ತಿವೆ.

ಇದೇನೂ ಹೊಸ ಪದ್ಧತಿಯಲ್ಲ. 1800ರಲ್ಲಿ ಬೆಂಗಳೂರಿನ ಮಾರ್ಗವಾಗಿ ಮೈಸೂರು ಸೀಮೆಯನ್ನೂ ಕನ್ನಡ ಕರಾವಳಿಯನ್ನೂ ಸುತ್ತಿದ ಫ್ರಾನ್ಸಿಸ್ ಬುಕಾನನ್ ಗುರುತಿಸಿದ, ಬಳಿಕ ರಾಕ್ಸ್‌ಬರೊ ದಾಖಲಿಸಿದ ಒಂದು ಸುವಾಸನೆಯ ಹೂಮರವಿದೆ. ಹಳಗನ್ನಡ ಕಾವ್ಯಗಳ ವನವರ್ಣನೆಗಳಲ್ಲಿ ಅದು ಮತ್ತೆಮತ್ತೆ ಬರುತ್ತದೆ. ಒಣಗಿದರೂ ಕಂಪು ಬಿಡದ ಅದರ ಹೂವನ್ನು ಮಲೆನಾಡಿನವರು ಇಂದಿಗೂ ಮಾಲೆ ಕಟ್ಟುತ್ತಾರೆ. ಸಸ್ಯಶಾಸ್ತ್ರದಲ್ಲಿ ಅದರ ಹೆಸರು ಮಮ್ಮಿಯ ಸುರಿಗ. ಆ ‘ಸುರಿಗ’ ನಮ್ಮ ಸುರಗಿಯೇ. ಪಠ್ಯಪುಸ್ತಕದ ಅಡಿಟಿಪ್ಪಣಿಯಲ್ಲಿ ಮಾತ್ರ ಅದು ‘ಸುರಗಿ: ಒಂದು ಬಗೆಯ ಹೂ’.